ಎಡ ಕಿಟಕಿಯೋ, ಬಲ ಕಿಟಕಿಯೋ?

(ಭೂಗೋಳ ಮತ್ತು ಗಣಿತ ಪಾಠಗಳಿಗೆ ಪೂರಕವಾದ ಒಂದು ಲೇಖನ)

ಕಳೆದ ವರ್ಷ ಒಂಬತ್ತನೆಯ ತರಗತಿಗೆ ಭೂಪಟದ ಪಾಠ ಮಾಡುತ್ತಿದ್ದೆ. ಅಕ್ಷಾಂಶ, ರೇಖಾಂಶ, ದಿಕ್ಕು, ಅಳತೆ ಎಲ್ಲವೂ ಮುಗಿದಿತ್ತು. "ಯಾರಿಗಾದರೂ ಏನಾದರೂ ಕೇಳುವುದಿದೆಯೇ?" ಎಂದೆ. ಗಂಟೆ ಬಾರಿಸುವುದಕ್ಕೆ ಎರಡು ನಿಮಿಷ ಇರುವಾಗ ಎಲ್ಲ ಅಧ್ಯಾಪಕರೂ ಕೇಳುವ ಪ್ರಶ್ನೆಯಿದು. ಸಾಮಾನ್ಯವಾಗಿ ಯಾರೂ ಏನೂ ಕೇಳುವುದಿಲ್ಲ. ಅಂದು ಮಾತ್ರ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಾಸ್ಟ್ರೇ, ನನ್ನ ಅಪ್ಪ ಡಿಸೆಂಬರಿನಲ್ಲಿ ದುಬೈಯಿಂದ ಬರ್ತಾರೆ. ವಿಮಾನದಿಂದ ನಮ್ಮ ಮನೆ ಕಾಣ್ತದಾ? ಯಾವ ಬದಿಯಲ್ಲಿ ಕೂತರೆ ಕಾಣ್ತದೆ?"

ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಗೋಡೆಗೆ ಭೂಪಟ ತೂಗಿಸಿ ಪಾಠ ಹೇಳಿದವನಿಗೆ, ಆ ಭೂಪಟವನ್ನು ಒಂದು ಸಲ ಉಪಯೋಗಿಸಬೇಕಾಗಿ ಬಂದಾಗ ಬಾಯಿ ಕಟ್ಟಿತು. "ನಾಳೆ ಹೇಳುತ್ತೇನೆ, ಕೂತುಕೊ" ಎಂದೆ.

ಆಮೇಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವಳ ತಂದೆ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಅಲ್ಲಿ ದುಡಿದ ಹಣದಲ್ಲಿ ಚಂದ್ರಗಿರಿ ಹೊಳೆಯ ಬದಿಯಲ್ಲಿ ಮನೆ ಕಟ್ಟಿಸಿದ್ದಾರೆ. ಆ ಮನೆಯಲ್ಲಿ ಅವರು ಈತನಕ ಮಲಗಿದ್ದು ಒಟ್ಟು ನಲವತ್ತು ರಾತ್ರಿ ಮಾತ್ರ. ನಮ್ಮ ಶಾಲೆಯಲ್ಲಿ ಇಂಥ ಮನೆಗಳಿಂದ ಬರುವ ಮಕ್ಕಳು ಅವಳೊಬ್ಬಳೇ ಅಲ್ಲ. ಆದ್ದರಿಂದ ಅವಳಿಗೆ ಹೇಳಿದ ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ. ವಿಮಾನ ಹತ್ತದವರಿಗೂ ಇದರಲ್ಲಿ ಕಲಿಯುವುದಿದೆ. ಬೇಕಾದ ಸಾಮಗ್ರಿ ಮೂರೇ: ಒಂದು ಅಟ್ಲಾಸು, ಒಂದು ಅಡಿಕೋಲು, ಎಂಟನೆಯ ತರಗತಿಯ ಗಣಿತ.

ನನ್ನದೇ ಒಂದು ತಪ್ಪು

ಮೊದಲು ನನ್ನ ದಡ್ಡತನವನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಮದುವೆಗೆಂದು ಮಂಗಳೂರಿನಿಂದ ಮುಂಬಯಿಗೆ ಮೊದಲ ಬಾರಿ ವಿಮಾನದಲ್ಲಿ ಹೋದೆ. ಸಮುದ್ರ ನೋಡುತ್ತ ಹೋಗಬೇಕೆಂಬುದು ನನ್ನ ಆಸೆ. ತರಬೇತಿಗೆಂದು ಕಣ್ಣೂರಿನ ಕಡೆಗೆ ರೈಲಿನಲ್ಲಿ ಹೋಗುವಾಗಲೆಲ್ಲ ಸಮುದ್ರ ಬಲಕ್ಕೆ ಕಾಣುತ್ತಿದ್ದುದರಿಂದ, ಯೋಚಿಸದೆ "ಬಲಬದಿಯ ಕಿಟಕಿ ಕೊಡಿ" ಎಂದು ಕೇಳಿ ಪಡೆದೆ. ಹೊತ್ತು ಬೆಳಗಿನ ಎಂಟು ಗಂಟೆ. ವಿಮಾನ ಏರಿ ಉತ್ತರಕ್ಕೆ ತಿರುಗಿದ ಮೇಲೆ ನನ್ನ ಕಿಟಕಿಯಲ್ಲಿ ಕಂಡದ್ದು ಎರಡೇ: ಕಣ್ಣು ಕುಕ್ಕುವ ಸೂರ್ಯ, ಅವನ ಕೆಳಗೆ ಬಿಳಿ ಮಂಜು. ಎಡಬದಿಯವರು ಮಾತ್ರ ಕಿಟಕಿಗೆ ಮೂಗು ಒತ್ತಿ ಹೊಳೆ, ಅಳಿವೆ, ಮರಳದಂಡೆ, ದೋಣಿಗಳನ್ನು ನೋಡುತ್ತ ಮುಂಬಯಿ ತಲುಪಿದರು. ನಾನು ಅವರ ಬೆನ್ನು ನೋಡುತ್ತ ತಲುಪಿದೆ.

ನನ್ನ ತಪ್ಪು ಏನು? 'ಬಲ' ಎಂಬುದು ದಿಕ್ಕು ಅಲ್ಲ ಎಂಬುದನ್ನು ಮರೆತದ್ದು. ಪಶ್ಚಿಮ ಯಾವಾಗಲೂ ಪಶ್ಚಿಮವೇ. ಆದರೆ ಎಡಬಲಗಳು ನಾವು ಮುಖ ಮಾಡಿದ ಕಡೆಯನ್ನು ಹೊಂದಿಕೊಂಡು ಬದಲಾಗುತ್ತವೆ. ಕಾಸರಗೋಡಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಸಮುದ್ರ ಬಲಕ್ಕೆ. ಅದೇ ಹಳಿಯ ಮೇಲೆ ಉತ್ತರಕ್ಕೆ, ಮಂಗಳೂರಿಗೆ ಹೋದರೆ ಸಮುದ್ರ ಎಡಕ್ಕೆ. ಸಮುದ್ರ ಕದಲಲಿಲ್ಲ, ತಿರುಗಿದ್ದು ನಾವು. ಇದು ಮೂರನೆಯ ತರಗತಿಯ ಪಾಠ. ಆದರೆ ಅವಸರದಲ್ಲಿ ಮಾಸ್ಟ್ರರೂ ಮರೆಯುತ್ತಾರೆ.

ಎಂಟು ದಿಕ್ಕುಗಳ ಸೂತ್ರ

ಒಂದು ವೃತ್ತ ಎಳೆಯಿರಿ. ಮೇಲಿನಿಂದ ಆರಂಭಿಸಿ ಗಡಿಯಾರದ ಮುಳ್ಳು ತಿರುಗುವ ಕ್ರಮದಲ್ಲಿ ಎಂಟು ದಿಕ್ಕುಗಳನ್ನು ಬರೆಯಿರಿ: ಉತ್ತರ, ಈಶಾನ್ಯ, ಪೂರ್ವ, ಆಗ್ನೇಯ, ದಕ್ಷಿಣ, ನೈಋತ್ಯ, ಪಶ್ಚಿಮ, ವಾಯುವ್ಯ. ಈಗ ಸೂತ್ರ ಹೀಗಿದೆ:

ಪ್ರಯಾಣದ ದಿಕ್ಕಿನಿಂದ ಮುಂದಕ್ಕೆ ಎರಡು ಮನೆ ಎಣಿಸಿದರೆ ಸಿಗುವುದು ಬಲ ಕಿಟಕಿಯ ದಿಕ್ಕು. ಹಿಂದಕ್ಕೆ ಎರಡು ಮನೆ ಎಣಿಸಿದರೆ ಸಿಗುವುದು ಎಡ ಕಿಟಕಿಯ ದಿಕ್ಕು.

ಉದಾಹರಣೆಗೆ, ದುಬೈಯಿಂದ ನಮ್ಮ ಕರಾವಳಿಗೆ ಬರುವ ವಿಮಾನ ಆಗ್ನೇಯಕ್ಕೆ ಹಾರುತ್ತದೆ. ಆಗ್ನೇಯದಿಂದ ಹಿಂದಕ್ಕೆ ಎರಡು ಮನೆ: ಪೂರ್ವ, ಈಶಾನ್ಯ. ಹಾಗಾದರೆ ಎಡ ಕಿಟಕಿ ಈಶಾನ್ಯವನ್ನು ನೋಡುತ್ತದೆ. ಮುಂದಕ್ಕೆ ಎರಡು ಮನೆ: ದಕ್ಷಿಣ, ನೈಋತ್ಯ. ಬಲ ಕಿಟಕಿ ನೈಋತ್ಯವನ್ನು ನೋಡುತ್ತದೆ. ಹಿಂದಿರುಗಿ ಹೋಗುವಾಗ ವಿಮಾನ ವಾಯುವ್ಯಕ್ಕೆ ಹಾರುವುದರಿಂದ ಎಲ್ಲವೂ ಅದಲುಬದಲು.

ಡಿಗ್ರಿಗಳಲ್ಲಿ ಹೇಳಬೇಕೆಂದರೆ, ಉತ್ತರವನ್ನು 0 ಎಂದಿಟ್ಟು ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270 ಎಂದು ಎಣಿಸುತ್ತಾರೆ. ಪ್ರಯಾಣದ ಡಿಗ್ರಿಗೆ 90 ಕೂಡಿಸಿದರೆ ಬಲ, 90 ಕಳೆದರೆ ಎಡ. ವಿಮಾನ ನಿಲ್ದಾಣಗಳ ರನ್‌ವೇಗಳಿಗೂ ಇದೇ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತಾರೆ. ಕೊನೆಯ ಸೊನ್ನೆಯನ್ನು ಬಿಡುತ್ತಾರೆ, ಅಷ್ಟೆ. ಮಂಗಳೂರಿನ ರನ್‌ವೇಯ ಒಂದು ತುದಿಯಲ್ಲಿ 06, ಇನ್ನೊಂದರಲ್ಲಿ 24 ಎಂದು ಬರೆದಿದೆ. ಅಂದರೆ ಒಂದು ಕಡೆಗೆ ಓಡಿದರೆ ಸುಮಾರು 60 ಡಿಗ್ರಿ, ಇನ್ನೊಂದು ಕಡೆಗೆ ಓಡಿದರೆ ಸುಮಾರು 240 ಡಿಗ್ರಿ. ಎರಡಕ್ಕೂ ವ್ಯತ್ಯಾಸ 180, ಆಗಲೇಬೇಕು. ಗಾಳಿಗೆ ಎದುರಾಗಿ ಏರುವುದೂ ಇಳಿಯುವುದೂ ವಿಮಾನಗಳ ಕ್ರಮ. ಕಡಲಗಾಳಿ ಬೀಸುವ ಮಧ್ಯಾಹ್ನ ಮಂಗಳೂರಿನಿಂದ ಕಡಲಿನ ಕಡೆಗೆ, 240 ಡಿಗ್ರಿಗೆ ಏರಿದಿರಾದರೆ ಎಡ ಕಿಟಕಿಯಲ್ಲಿ ಮಂಗಳೂರು ಪಟ್ಟಣ ಮತ್ತು ನೇತ್ರಾವತಿ, ಗುರುಪುರ ಹೊಳೆಗಳು ಕೂಡುವ ಅಳಿವೆ; ಬಲ ಕಿಟಕಿಯಲ್ಲಿ ಪಣಂಬೂರಿನ ಬಂದರು.

ಎಷ್ಟು ದೂರ ಕಾಣುತ್ತದೆ?

ಭೂಮಿ ಚಪ್ಪಟೆಯಾಗಿಲ್ಲದ್ದರಿಂದ ನಮ್ಮ ನೋಟಕ್ಕೆ ಒಂದು ಗಡಿಯಿದೆ. ಅದನ್ನು ದಿಗಂತ ಎನ್ನುತ್ತೇವೆ. ಮೇಲೇರಿದಷ್ಟೂ ದಿಗಂತ ದೂರ ಸರಿಯುತ್ತದೆ. ಎಷ್ಟು ದೂರ ಎಂಬುದನ್ನು ಪೈಥಾಗೊರಸನ ಪ್ರಮೇಯದಿಂದಲೇ ಕಂಡುಹಿಡಿಯಬಹುದು. ಭೂಮಿಯ ಕೇಂದ್ರ, ದಿಗಂತದ ಬಿಂದು, ವಿಮಾನ, ಈ ಮೂರನ್ನು ಸೇರಿಸಿದರೆ ಲಂಬಕೋನ ತ್ರಿಭುಜವಾಗುತ್ತದೆ. ಲಂಬಕೋನ ಇರುವುದು ದಿಗಂತದ ಬಿಂದುವಿನಲ್ಲಿ. ಯಾಕೆಂದರೆ ನೋಟದ ಗೆರೆ ಅಲ್ಲಿ ಭೂಮಿಗೆ ಸ್ಪರ್ಶಕ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಬಿಡಿಸಿದರೆ ಸಿಗುವ ಸರಳ ರೂಪ ಇದು: ತ್ರಿಜ್ಯದ ಎರಡರಷ್ಟನ್ನು ಎತ್ತರದಿಂದ ಗುಣಿಸಿ ವರ್ಗಮೂಲ ತೆಗೆಯಿರಿ.

ಎತ್ತರ 10 ಕಿ.ಮೀ. ಆದರೆ 2 × 6,371 × 10 = 1,27,420. ಇದರ ವರ್ಗಮೂಲ ಸುಮಾರು 357. ಅಂದರೆ 357 ಕಿ.ಮೀ. ದೂರದವರೆಗೆ ಕಾಣಬೇಕು. ಎತ್ತರ 7 ಕಿ.ಮೀ. ಆದರೆ ಸುಮಾರು 300 ಕಿ.ಮೀ. ಇದು ಲೆಕ್ಕದ ಮಾತು. ನಿಜವಾಗಿ ಗಾಳಿಯಲ್ಲಿರುವ ತೇವ, ಧೂಳು, ಹೊಗೆಗಳು ಇದರ ಬಹುಭಾಗವನ್ನು ನುಂಗಿಬಿಡುತ್ತವೆ. ಮಳೆಗಾಲ ಮುಗಿದು ಆಕಾಶ ತೊಳೆದಂತಿರುವ ದಿನಗಳಲ್ಲಿ ನೋಟ ಚೆನ್ನಾಗಿರುತ್ತದೆ, ಬೇಸಗೆಯಲ್ಲಿ ಮಂದ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ವಿಮಾನದ ಕಿಟಕಿಯಿಂದ ನೇರ ಕೆಳಗಿರುವುದು ಯಾರಿಗೂ ಕಾಣುವುದಿಲ್ಲ. ಎಡದವರಿಗೂ ಇಲ್ಲ, ಬಲದವರಿಗೂ ಇಲ್ಲ. ಅದು ವಿಮಾನದ ಹೊಟ್ಟೆಯ ಕೆಳಗೆ ಮರೆಯಾಗಿರುತ್ತದೆ. 7 ಕಿ.ಮೀ. ಎತ್ತರದಲ್ಲಿರುವಾಗ 7 ಕಿ.ಮೀ. ಬದಿಗಿರುವ ಊರು 45 ಡಿಗ್ರಿ ಕೆಳಗೆ ಕಾಣುತ್ತದೆ. ಹನ್ನೆರಡು ಕಿ.ಮೀ. ಬದಿಗಿದ್ದರೆ ಸುಮಾರು 30 ಡಿಗ್ರಿ ಕೆಳಗೆ. ಕುತ್ತಿಗೆ ನೋಯದೆ ನೋಡುವುದಕ್ಕೆ ಇದೇ ಒಳ್ಳೆಯ ಜಾಗ. ನಮ್ಮ ಊರಿನ ಮೇಲಿಂದಲೇ ಹಾರುವ ವಿಮಾನದವರಿಗೆ ನಮ್ಮ ಊರು ಕಾಣದು, ನಾಲ್ಕು ಹರದಾರಿ ಸರಿದು ಹಾರಿದರೆ ಕಾಣುತ್ತದೆ.

ಎಷ್ಟು ದೊಡ್ಡದಾಗಿ ಕಾಣುತ್ತದೆ?

ದಿಗಂತದೊಳಗೆ ಇದ್ದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ. ಒಳ್ಳೆಯ ದೃಷ್ಟಿಯ ಕಣ್ಣಿಗೆ ಒಂದು ವಸ್ತು ಬೇರೆಯಾಗಿ ಕಾಣಬೇಕಾದರೆ ಅದು ಕನಿಷ್ಠ ಒಂದು ಡಿಗ್ರಿಯ 60ರಲ್ಲಿ ಒಂದು ಪಾಲಿನಷ್ಟಾದರೂ ಅಗಲ ತೋರಬೇಕು. ಇದನ್ನು ಹೀಗೆ ನೆನಪಿಡಿ: ತನ್ನ ಅಗಲದ ಸುಮಾರು 3,400 ಪಟ್ಟು ದೂರಕ್ಕೆ ಹೋದ ವಸ್ತು ಕಣ್ಣಿಗೆ ಚುಕ್ಕಿಯಾಗಿ ಕರಗುತ್ತದೆ.

10 ಮೀಟರ್ ಅಗಲದ ಮನೆಯನ್ನು ತೆಗೆದುಕೊಳ್ಳಿ. 10 × 3,400 = 34,000 ಮೀಟರ್, ಅಂದರೆ 34 ಕಿ.ಮೀ. ಬಯಲಿನಲ್ಲಿ ಸುಣ್ಣ ಬಳಿದು ಒಂಟಿಯಾಗಿ ನಿಂತ ಮನೆಯ ಲೆಕ್ಕವಿದು. ನಮ್ಮ ಮನೆಗಳೋ ತೆಂಗು, ಕಂಗು, ಹಲಸು, ಮಾವುಗಳ ಅಡಿಯಲ್ಲಿ ಅವಿತು ಕೂತಿರುತ್ತವೆ. 20 ಕಿ.ಮೀ. ದೂರದಿಂದ ಅವುಗಳನ್ನು ಗುರುತಿಸುವುದು ಸಾಧ್ಯವಿಲ್ಲ.

ಆದರೆ ನಿರಾಶರಾಗಬೇಡಿ. 200 ಮೀಟರ್ ಅಗಲದ ಹೊಳೆಯ ಬಾಯಿ ಅದೇ 20 ಕಿ.ಮೀ. ದೂರದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಅಗಲವಾಗಿ ಕಾಣುತ್ತದೆ. ಹುಣ್ಣಿಮೆಯ ಚಂದ್ರ ಕಾಣುವುದೂ ಅರ್ಧ ಡಿಗ್ರಿಯಷ್ಟೇ. ಬೇಕಲ ಕೋಟೆಯ ವಿಸ್ತಾರ ಸುಮಾರು 40 ಎಕರೆ; ಅಂದರೆ ಅತ್ತಿಂದಿತ್ತ 400 ಮೀಟರಿನಷ್ಟು. 12 ಕಿ.ಮೀ. ದೂರದಿಂದ ಅದು ನಾಲ್ಕು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ ಕಾಣಬೇಕು. ಆದ್ದರಿಂದ ಮೇಲಿನಿಂದ ಊರನ್ನು ಹುಡುಕುವವನು ಮನೆಯನ್ನು ಹುಡುಕಬಾರದು. ಹೊಳೆ, ಅಳಿವೆ, ಕೋಟೆ, ಗುಡ್ಡಗಳನ್ನು ಹುಡುಕಬೇಕು. ಅವುಗಳಿಂದ ಮನೆಗೆ ದಾರಿ ಮಾಡಿಕೊಳ್ಳಬೇಕು.

ಸೂರ್ಯ ಎಲ್ಲಿದ್ದಾನೆ?

ನೋಡಬೇಕಾದ ವಸ್ತು ಯಾವ ಬದಿಗಿದೆ ಎಂದು ತಿಳಿದ ಮೇಲೆ ಸೂರ್ಯನನ್ನು ವಿಚಾರಿಸಬೇಕು. ಸೂರ್ಯನ ಬದಿಯ ಕಿಟಕಿಯಲ್ಲಿ ಕಣ್ಣು ಕುಕ್ಕುತ್ತದೆ, ನೆಲ ಮಂಜಾಗಿ ಕಾಣುತ್ತದೆ. ಅವನಿಗೆ ಬೆನ್ನು ಹಾಕಿದ ಬದಿಯಲ್ಲಿ ಹಸಿರು ಹಸಿರಾಗಿಯೂ ನೀಲಿ ನೀಲಿಯಾಗಿಯೂ ಇರುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಹಾರುವ ವಿಮಾನದಲ್ಲಿ ಬೆಳಿಗ್ಗೆ ಪಶ್ಚಿಮದ ಕಿಟಕಿ, ಸಂಜೆ ಪೂರ್ವದ ಕಿಟಕಿ ಒಳ್ಳೆಯದು. ಮುಂಬಯಿಗೆ ಬೆಳಿಗ್ಗೆ ಹೋಗುವವರಿಗೆ ಎಡಬದಿಯಲ್ಲಿ ಸಮುದ್ರವೂ ಉಂಟು, ನೆರಳೂ ಉಂಟು. ನಾನು ಎರಡನ್ನೂ ಕಳೆದುಕೊಂಡಿದ್ದೆ. ಸೂರ್ಯಾಸ್ತವನ್ನೇ ನೋಡಬೇಕು ಎನ್ನುವವರು ಮಾತ್ರ ಸಂಜೆಗೆ ಪಶ್ಚಿಮದ ಕಿಟಕಿಯನ್ನು ಬೇಡಬೇಕು.

ಪೂರ್ವ ಪಶ್ಚಿಮವಾಗಿ ಹಾರುವಾಗ ಋತುವನ್ನೂ ನೋಡಬೇಕು. ನಮ್ಮ ಊರಿನ ಅಕ್ಷಾಂಶ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ. ವರ್ಷದ ಹೆಚ್ಚಿನ ಕಾಲ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಆ ದಾಟುವ ದಿನಗಳ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಬಿಸಿಲು ಸಿಕ್ಕಿದರೆ ಶಾಲೆಯ ಅಂಗಳದಲ್ಲಿ ಪರೀಕ್ಷಿಸಿ ನೋಡಿ.

ನೆರಳಿನ ಬದಿಯಲ್ಲಿ ಕೂತವರಿಗೆ ಇನ್ನೊಂದು ಬಹುಮಾನವೂ ಸಿಗಬಹುದು. ಕೆಳಗೆ ಮೋಡ ಹಾಸಿದ್ದರೆ ಅದರ ಮೇಲೆ ವಿಮಾನದ ನೆರಳು ಓಡುತ್ತಿರುತ್ತದೆ. ಆ ನೆರಳಿನ ಸುತ್ತ ಬಣ್ಣಬಣ್ಣದ ಬಳೆಗಳು ಕಾಣುತ್ತವೆ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುವುದರಿಂದ ಇದು ಉಂಟಾಗುತ್ತದೆ. ಸೂರ್ಯನ ಬದಿಯಲ್ಲಿ ಕೂತವರಿಗೆ ಇದು ಎಂದೂ ಕಾಣದು.

ರೆಕ್ಕೆ ಮತ್ತು ಅಕ್ಷರ

ಬದಿ ಸರಿಯಾದರೂ ಸಾಲು ತಪ್ಪಿದರೆ ಕಿಟಕಿಯ ತುಂಬ ರೆಕ್ಕೆಯೇ ಕಾಣುತ್ತದೆ. ಸಾಮಾನ್ಯ ಜೆಟ್ ವಿಮಾನಗಳಲ್ಲಿ ರೆಕ್ಕೆಯಿರುವುದು ಕಿಟಕಿಗಳಿಂದ ಕೆಳಗೆ, ನಡುಭಾಗದ ಸಾಲುಗಳ ಪಕ್ಕದಲ್ಲಿ. ಆದ್ದರಿಂದ ರೆಕ್ಕೆಗಿಂತ ಸಾಕಷ್ಟು ಮುಂದೆ, ಇಲ್ಲವೆ ತೀರ ಹಿಂದೆ ಕೂರಬೇಕು. ರೆಕ್ಕೆಯ ಸ್ವಲ್ಪ ಹಿಂದಿನ ಸಾಲುಗಳಲ್ಲಿ ಎಂಜಿನಿನ ಬಿಸಿಗಾಳಿಯಿಂದ ನೆಲ ನಡುಗಿದಂತೆ ತೋರುತ್ತದೆ. ಪಂಖ ತಿರುಗಿಸಿ ಹಾರುವ ಕೆಲವು ಚಿಕ್ಕ ವಿಮಾನಗಳಲ್ಲಿ ರೆಕ್ಕೆ ಕಿಟಕಿಗಳಿಗಿಂತ ಮೇಲಿರುತ್ತದೆ. ಅಲ್ಲಿ ಯಾವ ಸಾಲಿನವರಿಗೂ ನೆಲ ಕಾಣುತ್ತದೆ.

ಒಂದೇ ನಡುದಾರಿಯ ಜೆಟ್ ವಿಮಾನಗಳಲ್ಲಿ ಸಾಲಿಗೆ ಆರು ಆಸನ. ಮೂಗಿನ ಕಡೆಗೆ ಮುಖ ಮಾಡಿ ಕೂತಾಗ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್ ಎಂದು ಅಕ್ಷರಗಳು. 'ಎ' ಎಡಗಡೆಯ ಕಿಟಕಿ, 'ಎಫ್' ಬಲಗಡೆಯ ಕಿಟಕಿ. ಕೆಲವು ವಿಮಾನಗಳಲ್ಲಿ ಒಂದೆರಡು ಸಾಲುಗಳಿಗೆ ಕಿಟಕಿಯ ಜಾಗದಲ್ಲಿ ಬರೀ ಗೋಡೆ ಇರುವುದುಂಟು. ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಎರಡು ನಿಲ್ದಾಣಗಳ ನಡುವೆ ನಮ್ಮ ಊರು

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅಟ್ಲಾಸು ತೆರೆಯಿರಿ. ಮಂಗಳೂರಿನ ವಿಮಾನ ನಿಲ್ದಾಣ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರ ಡಕೋಟಾ ವಿಮಾನ ಇಳಿದು ನಿಲ್ದಾಣ ಆರಂಭವಾಯಿತು. ಕಣ್ಣೂರಿನ ವಿಮಾನ ನಿಲ್ದಾಣ ಸುಮಾರು 12 ಡಿಗ್ರಿಯಲ್ಲಿದೆ. ಅದು ಆರಂಭವಾದದ್ದು 2018ರ ಡಿಸೆಂಬರ್ 9ರಂದು. ನಮ್ಮ ಕಾಸರಗೋಡು ಹನ್ನೆರಡೂವರೆಯಲ್ಲಿ, ಎರಡರ ಸರಿ ನಡುವೆ. ರಾಜ್ಯಗಳ ಗಡಿಯಲ್ಲಿ ಇರುವಂತೆಯೇ ಇಲ್ಲಿಯೂ ನಾವು ನಡುವಿನವರೇ!

ದುಬೈ ಇರುವುದು ಸುಮಾರು 25 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವದಲ್ಲಿ. ಅಲ್ಲಿಂದ ಕಣ್ಣೂರಿಗೆ ಅಡಿಕೋಲಿಟ್ಟು ಗೆರೆ ಎಳೆಯಿರಿ. ಆ ಗೆರೆ ಕರಾವಳಿಯನ್ನು ಸಮೀಪಿಸುವಾಗ ನಮ್ಮ ಜಿಲ್ಲೆಯ ದಂಡೆ ಅದರ ಈಶಾನ್ಯಕ್ಕೆ, ಎಂದರೆ ಬರುವವರ ಎಡಗಡೆಗೆ ಬೀಳುತ್ತದೆ. ಬೇಕಲ ಕೋಟೆ ಗೆರೆಯಿಂದ ಸುಮಾರು 12 ಕಿ.ಮೀ., ಚಂದ್ರಗಿರಿಯ ಅಳಿವೆ ಸುಮಾರು 17 ಕಿ.ಮೀ. ದೂರ. ಈ ಹೊತ್ತಿಗೆ ವಿಮಾನ ಇಳಿಯಲಾರಂಭಿಸಿ ತಗ್ಗಿರುತ್ತದೆ. ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಮಂಗಳೂರಿಗೆ ಇಳಿಯುವವರಿಗೆ ಲೆಕ್ಕ ಅಷ್ಟು ಸುಲಭವಲ್ಲ. ಕಡಲ ಮೇಲಿಂದ ಬರುವಾಗ ಕಾಸರಗೋಡು ಬಲಕ್ಕೆ, ದೂರದಲ್ಲಿ ಇರುತ್ತದೆ. ಆದರೆ ವಿಮಾನ ಊರಿನ ಒಳಗಡೆಗೆ ಹೋಗಿ ಸುತ್ತಿ ಪೂರ್ವದಿಂದ 24ನೇ ರನ್‌ವೇಗೆ ಇಳಿದರೆ ದಕ್ಷಿಣ ದಿಕ್ಕು ಎಡಕ್ಕೆ ಬರುತ್ತದೆ. ಅದೂ ಅಲ್ಲದೆ ನಿಲ್ದಾಣದಿಂದ ಕಾಸರಗೋಡು ಪೇಟೆಗೆ ನೇರ ದೂರವೇ 50 ಕಿ.ಮೀ. ಮಂಗಳೂರಿಗೆ ಬರುವವರು ನೇತ್ರಾವತಿಯನ್ನು ನೋಡಿ ತೃಪ್ತಿಪಡುವುದೇ ಲೇಸು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಮಾನಗಳು ನಾವು ಅಡಿಕೋಲಿನಿಂದ ಎಳೆದ ಗೆರೆಯ ಮೇಲೆಯೇ ಹಾರುವುದಿಲ್ಲ. ಗಾಳಿ, ಮೋಡ, ಬೇರೆ ವಿಮಾನಗಳ ಸಂಚಾರ, ಇವೆಲ್ಲವನ್ನೂ ನೋಡಿ ದಾರಿಯನ್ನು ಆಚೀಚೆ ಮಾಡುತ್ತಾರೆ. ನಮ್ಮ ಲೆಕ್ಕ ಹೇಳುವುದು 'ಹೆಚ್ಚಾಗಿ ಹೀಗೆ' ಎಂದು ಮಾತ್ರ.

ಹೊಳೆಗಳನ್ನು ಎಣಿಸು

ಮರುದಿನ ಕರಿಹಲಗೆಯ ಮೇಲೆ ಇದನ್ನೆಲ್ಲ ಬಿಡಿಸಿದೆ. ಹುಡುಗಿ ಒಂದು ಕಾಗದದಲ್ಲಿ ಬರೆದುಕೊಂಡಳು: "ಬರುವಾಗ ಎಡ, ಎ. ಹೋಗುವಾಗ ಬಲ, ಎಫ್. ರೆಕ್ಕೆಯ ಮುಂದೆ." ಅದರ ಕೆಳಗೆ ನಮ್ಮ ಹೊಳೆಗಳ ಪಟ್ಟಿಯನ್ನು ತರಗತಿಯ ಮಕ್ಕಳೇ ಸೇರಿ ದಕ್ಷಿಣದಿಂದ ಉತ್ತರಕ್ಕೆ ಕ್ರಮವಾಗಿ ಹೇಳಿದರು: ಕಾರ್ಯಂಗೋಡು, ನೀಲೇಶ್ವರ, ಚಿತ್ತಾರಿ, ಬೇಕಲ, ಚಂದ್ರಗಿರಿ, ಮೊಗ್ರಾಲ್, ಕುಂಬಳೆ, ಶಿರಿಯ, ಉಪ್ಪಳ, ಮಂಜೇಶ್ವರ. ಪರೀಕ್ಷೆಗೆ ಕಂಠಪಾಠ ಮಾಡಿಸಿದಾಗ ಯಾರ ಬಾಯಿಗೂ ಬಾರದಿದ್ದ ಪಟ್ಟಿ ಅಂದು ಹತ್ತು ನಿಮಿಷದಲ್ಲಿ ಸರಿಯಾಯಿತು. ಕೋಟೆ ಮೊದಲು ಕಾಣಬೇಕು. ಅದರಿಂದ ಉತ್ತರಕ್ಕೆ ಸಿಗುವ ದೊಡ್ಡ ಅಳಿವೆಯೇ ಚಂದ್ರಗಿರಿ. ಹಿಂದಿನವರು ತುಳುನಾಡಿಗೂ ಮಲೆಯಾಳಕ್ಕೂ ಗಡಿಯೆಂದು ಎಣಿಸಿದ್ದ ಹೊಳೆ ಅದು. ಮೇಲಿನಿಂದ ನೋಡುವವನಿಗೆ ಗಡಿಯ ಗೆರೆ ಕಾಣುವುದಿಲ್ಲ, ಹೊಳೆ ಮಾತ್ರ ಕಾಣುತ್ತದೆ.

ಡಿಸೆಂಬರಿನಲ್ಲಿ ತಂದೆ ಬಂದರು. ಹುಡುಗಿ ಸಪ್ಪೆ ಮುಖ ಮಾಡಿಕೊಂಡು ತರಗತಿಗೆ ಬಂದಳು. ಎಡಬದಿಯ ಕಿಟಕಿಯೇ ಸಿಕ್ಕಿತ್ತಂತೆ, ರೆಕ್ಕೆಯ ಮುಂದೆಯೇ ಕೂತಿದ್ದರಂತೆ. ಆದರೆ ವಿಮಾನ ಇಳಿದದ್ದು ಬೆಳಗಿನ ಜಾವ ಮೂರು ಗಂಟೆಗೆ. ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ದೀಪ ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ದಿಕ್ಕು, ದೂರ, ಸೂರ್ಯ ಎಲ್ಲವೂ ಇದ್ದವು. ರಾತ್ರಿ ಎಂಬುದೊಂದು ಇದೆ ಎಂದು ನಾನು ಹೇಳಿರಲೇ ಇಲ್ಲ! ಟಿಕೇಟಿನಲ್ಲಿ ಗಂಟೆಯನ್ನು ಮೊದಲು ನೋಡಬೇಕು ಎಂಬುದನ್ನು ಅಂದಿನಿಂದ ಸೂತ್ರಕ್ಕೆ ಸೇರಿಸಿದ್ದೇನೆ. ನೀವೂ ಸೇರಿಸಿಕೊಳ್ಳಿ.

ಜನವರಿಯಲ್ಲಿ ಅವರು ಹಿಂದಿರುಗಿದರು. ಈ ಸಲ ವಿಮಾನ ಹೊರಟದ್ದು ಬೆಳಿಗ್ಗೆ ಹತ್ತರ ಸುಮಾರಿಗೆ. ಕಣ್ಣೂರಿನಿಂದ ವಾಯುವ್ಯಕ್ಕೆ ಪ್ರಯಾಣ. ಬಲ ಕಿಟಕಿ ಈಶಾನ್ಯಕ್ಕೆ. ಜನವರಿಯ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ, ಅಂದರೆ ವಿಮಾನದ ಬಾಲದ ಕಡೆಗೆ ಇರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಇದನ್ನು ಹುಡುಗಿಯೇ ವೃತ್ತ ಎಳೆದು ನನಗೆ ತೋರಿಸಿದಳು. ನಾನು ತಿದ್ದುವುದಕ್ಕೆ ಏನೂ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮಾಸ್ಟ್ರೇ, ಅಪ್ಪ ರಾತ್ರಿ ಫೋನು ಮಾಡಿದ್ರು. ಕೋಟೆ ಕಂಡಿತಂತೆ. ಆಮೇಲೆ ನಮ್ಮ ಹೊಳೆ ಕಂಡಿತಂತೆ, ಸಮುದ್ರಕ್ಕೆ ಸೇರುವಲ್ಲಿ. ಮನೆ ಕಾಣಲಿಲ್ಲಂತೆ."

"ಮನೆ ಕಾಣುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆನಲ್ಲ?" ಎಂದೆ.

"ಹೌದು. ಆದ್ರೆ ಹೊಳೆಯ ತಿರುವಿನಲ್ಲಿ ತೆಂಗಿನ ತೋಟ ಕಪ್ಪಾಗಿ ಕಂಡಿತಂತೆ. ಅದರ ಒಳಗೆಯೇ ನಾವಿರುವುದು ಅಂತ ಅಪ್ಪನಿಗೆ ಗೊತ್ತಾಯ್ತಂತೆ. ಕಾಣದಾಗುವವರೆಗೆ ನೋಡಿದ್ರಂತೆ."

ಗಂಟೆ ಬಾರಿಸಿತು. ಅವಳು ಸಾಲಿಗೆ ಓಡಿದಳು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ದೂರದೂರದ ಊರುಗಳಿಗೆ ಹೋಗುವವರು. ಹೋಗುವಾಗ ಯಾವ ಬದಿಯಲ್ಲಿ ನಿಮ್ಮ ಊರು ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಕೂರಿ. ಭೂಪಟ ಇರುವುದು ಪರೀಕ್ಷೆಯಲ್ಲಿ ಐದು ಅಂಕ ಪಡೆಯುವುದಕ್ಕೆ ಮಾತ್ರ ಅಲ್ಲ.

ಅಭ್ಯಾಸ

1. ಮಂಗಳೂರಿನಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗುವಾಗ ಸೂರ್ಯಾಸ್ತ ನೋಡಲು ಯಾವ ಬದಿಯಲ್ಲಿ ಕೂರಬೇಕು?

2. ದೆಹಲಿಯಿಂದ ಗುವಾಹಟಿಗೆ ವಿಮಾನ ಸುಮಾರಾಗಿ ಪೂರ್ವಕ್ಕೆ ಹಾರುತ್ತದೆ. ಹಿಮಾಲಯ ಉತ್ತರದಲ್ಲಿದೆ. ಆಸನದ ಅಕ್ಷರ ಯಾವುದಿರಬೇಕು? ಹಿಂದಿರುಗುವಾಗ ಯಾವುದು?

3. ಕಣ್ಣೂರಿನಿಂದ ಬೆಂಗಳೂರಿಗೆ ವಿಮಾನ ಈಶಾನ್ಯಕ್ಕೆ ಹಾರುತ್ತದೆ. ಅಟ್ಲಾಸಿನಲ್ಲಿ ಗೆರೆ ಎಳೆದು, ಕೊಡಗಿನ ತಡಿಯಂಡಮೋಳ್ ಬೆಟ್ಟ (1,748 ಮೀಟರ್) ಯಾವ ಬದಿಗೆ, ಕೃಷ್ಣರಾಜಸಾಗರ ಯಾವ ಬದಿಗೆ ಬರುತ್ತದೆಂದು ಹೇಳಿರಿ.

4. ವಿಮಾನ ಎರಡೂವರೆ ಕಿ.ಮೀ. ಎತ್ತರದಲ್ಲಿದ್ದರೆ ದಿಗಂತ ಎಷ್ಟು ದೂರ?

5. 20 ಮೀಟರ್ ಅಗಲದ ಕೆರೆ ಎಷ್ಟು ದೂರದಾಚೆ ಕಣ್ಣಿಗೆ ಕರಗುತ್ತದೆ?

6. ನಿಮ್ಮ ಮನೆಗೆ ಅತಿ ಸಮೀಪದ ಹೊಳೆ, ಗುಡ್ಡ ಅಥವಾ ಕೋಟೆ ಯಾವುದು? ಮೇಲಿನಿಂದ ನೋಡುವವರಿಗೆ ಅದರಿಂದ ನಿಮ್ಮ ಮನೆಗೆ ದಾರಿ ಹೇಳುವ ಐದು ವಾಕ್ಯಗಳನ್ನು ಬರೆಯಿರಿ.

ಉತ್ತರಗಳು: 1. ಬಲಬದಿ. 2. ಎ, ಹಿಂದಿರುಗುವಾಗ ಎಫ್. 3. ತಡಿಯಂಡಮೋಳ್ ಎಡಕ್ಕೆ, ಕೃಷ್ಣರಾಜಸಾಗರ ಬಲಕ್ಕೆ. 4. ಸುಮಾರು 178 ಕಿ.ಮೀ. 5. ಸುಮಾರು 68 ಕಿ.ಮೀ. 6. ಇದರ ಉತ್ತರ ನಿಮ್ಮಲ್ಲಿಯೇ ಇದೆ.